ಓದಿ ಹೇಳದ ಕಾಗದಕ್ಕೆ ರುಜು ಹಾಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯದವು. ಹೊರದೇಶದಿಂದ ಊರಿಗೆ ಬರುವಾಗ ಅಧಿಕಾರಿಗಳು ನಿಲ್ಲಿಸಿ ಪ್ರಶ್ನೆ ಕೇಳಿದರೆ ನಮ್ಮ ಹಕ್ಕೇನು ಅಂತ. ಮೊದಲಿನ ಪತ್ರ ಓದಿ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಮಸ್ಕತ್‌ಗೆ ಹೋಗಿ ಮೂರು ತಿಂಗಳಿದ್ದು ಬಂದೆ. ಮಾಂಗಲ್ಯ ಸರ, ಕೈಯಲ್ಲಿ ನಾಲ್ಕು ಬಳೆ ಇದ್ದವು. ಹೋಗುವಾಗಲೂ ಅವೇ ಇದ್ದವು. ತವರಿನವರು ಮದುವೆಯಲ್ಲಿ ಹಾಕಿದ ಬಳೆಗಳನ್ನು ಎರಡು ವರ್ಷದ ಹಿಂದೆ ಮಂಡ್ಯದಲ್ಲೇ ಮುರಿಸಿ ಮಾಡಿಸಿದ್ದು. ವಿಮಾನ ಇಳಿದು ಹೊರಗೆ ಬರುವಾಗ ಕಸ್ಟಮ್ಸ್‌ನವರು ಪಕ್ಕಕ್ಕೆ ಕರೆದರು. ಎರಡು ಗಂಟೆ ಕೂರಿಸಿದರು. ಹಿಂದಿಯಲ್ಲಿ ಕೇಳಿದ್ದು ಅರ್ಧ ಅರ್ಥವಾಗಲಿಲ್ಲ. ಕೊನೆಗೆ ಬಳೆ ಬಿಚ್ಚಿಸಿಕೊಂಡು, ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಹಾಳೆಗೆ ಸಹಿ ಹಾಕಿಸಿಕೊಂಡು, ಒಂದು ರಸೀದಿ ಕೊಟ್ಟು ಕಳಿಸಿದರು. ಕಳ್ಳಿಯ ಹಾಗೆ ತಲೆ ತಗ್ಗಿಸಿಕೊಂಡು ಬಂದೆ. ಬಳೆ ಹೋದ ಹಾಗೇನಾ?
— ಗೃಹಿಣಿ, ಮಂಡ್ಯ

ಉತ್ತರ: ಇಲ್ಲ ಅಮ್ಮ, ಹೋದ ಹಾಗಲ್ಲ. ನೀವು ತಲೆ ತಗ್ಗಿಸುವಂಥದ್ದೂ ಏನೂ ಮಾಡಿಲ್ಲ. ಮೊದಲು ಆ ರಸೀದಿಯನ್ನು ಜೋಪಾನ ಮಾಡಿ. ಎರಡು ನಕಲು ತೆಗೆಸಿ, ಒಂದು ಮಗಳ ಹತ್ತಿರ ಇರಲಿ.

ವಿಮಾನ ಇಳಿದವರನ್ನು ಕೇಳುವ ಮೇಜು ಎರಡಿವೆ. ಮೊದಲನೆಯದು ಇಮಿಗ್ರೇಷನ್. ಅಲ್ಲಿ ನೋಡುವುದು ನೀವು ಯಾರು, ಪಾಸ್‌ಪೋರ್ಟ್ ನಿಮ್ಮದೇನಾ ಅಂತ. ಭಾರತದ ಪ್ರಜೆ ಅಂತ ಖಾತ್ರಿಯಾದ ಮೇಲೆ 'ನಿಮ್ಮನ್ನು ಒಳಗೆ ಬಿಡುವುದಿಲ್ಲ' ಅನ್ನುವ ಹಾಗಿಲ್ಲ. ಎರಡನೆಯದು ಕಸ್ಟಮ್ಸ್. ಅಲ್ಲಿ ಪ್ರಶ್ನೆ ನಿಮ್ಮ ಬಗ್ಗೆ ಅಲ್ಲ, ನೀವು ತಂದ ವಸ್ತುವಿನ ಬಗ್ಗೆ. ಅವರಿಗೆ 1962ರ ಕಸ್ಟಮ್ಸ್ ಕಾಯ್ದೆ ಕೊಟ್ಟಿರುವ ಅಧಿಕಾರ ದೊಡ್ಡದು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ಅಲ್ಲಿ ಕಣ್ಣೀರಿಗಿಂತ ಕಾಗದ ಕೆಲಸ ಮಾಡುತ್ತದೆ.

ಕಾಗದದ ಮಾತಿಗೆ ಬರುತ್ತೇನೆ. ಮಾಲನ್ನು ಮುಟ್ಟುಗೋಲು ಹಾಕಿಕೊಳ್ಳುವ ಆದೇಶ ಮಾಡುವ ಮುಂಚೆ ಅವರು ನಿಮಗೆ ನೋಟಿಸ್ ಕೊಡಬೇಕು. ಯಾಕೆ ಅಂತ ಕಾರಣ ಹೇಳಬೇಕು. ನಿಮ್ಮ ಮಾತು ಕೇಳಬೇಕು. ಇದು ಸೆಕ್ಷನ್ 124. ವಶಪಡಿಸಿಕೊಂಡ 6 ತಿಂಗಳೊಳಗೆ ಆ ನೋಟಿಸ್ ಬರಬೇಕು. ಮೇಲಧಿಕಾರಿ ಕಾರಣ ಬರೆದು, ನಿಮಗೂ ತಿಳಿಸಿ, ಇನ್ನೂ 6 ತಿಂಗಳವರೆಗೆ ಮುಂದೂಡಬಹುದು. ಅದೂ ಕಳೆದು ನೋಟಿಸ್ ಬರಲಿಲ್ಲ ಅಂದರೆ ಮಾಲನ್ನು ವಾಪಸ್ ಕೊಡಲೇಬೇಕು ಅನ್ನುತ್ತದೆ ಸೆಕ್ಷನ್ 110.

ಹಾಗಾದರೆ ಆ ಅಚ್ಚಾದ ಹಾಳೆಗಳು ಏನು? ನಿಮ್ಮ ಪತ್ರದ ಜೊತೆ ಕಳಿಸಿದ ಫೋಟೋ ನೋಡಿದೆ. ಒಂದರಲ್ಲಿ 'ನನಗೆ ಲಿಖಿತ ನೋಟಿಸ್ ಬೇಡ, ಖುದ್ದು ವಿಚಾರಣೆಯೂ ಬೇಡ' ಅಂತಿದೆ. ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರು ಮಾತ್ರ ಪೆನ್ನಿನಲ್ಲಿ ತುಂಬಿದ್ದು, ಉಳಿದದ್ದೆಲ್ಲ ಮೊದಲೇ ಅಚ್ಚಾಗಿದ್ದು. ಕೆಳಗೆ ಕನ್ನಡದಲ್ಲಿ ನಿಮ್ಮ ಸಹಿ. ಅಂದರೆ ನಿಮ್ಮ ಹಕ್ಕನ್ನು ನಿಮ್ಮ ಕೈಯಿಂದಲೇ ಬಿಡಿಸಿದ್ದಾರೆ.

ಇದೇ ಥರದ ಅಚ್ಚಿನ ಹಾಳೆಗಳು ದೆಹಲಿ ಹೈಕೋರ್ಟಿನ ಮುಂದೆ ಹೋಗಿದ್ದವು. ಹೀಗೆ ಮೊದಲೇ ಅಚ್ಚು ಹಾಕಿಟ್ಟ ಕಾಗದಕ್ಕೆ ಪಡೆದ ಸಹಿಯನ್ನು ನೋಟಿಸ್ ಬಿಟ್ಟುಕೊಟ್ಟಂತೆ ಅಂತ ಒಪ್ಪುವುದಿಲ್ಲ ಅಂತ 2025ರಲ್ಲಿ ಆ ಕೋರ್ಟು ಹೇಳಿತು. ಮನುಷ್ಯ ತಿಳಿದು, ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ಅದು ಬಿಟ್ಟುಕೊಟ್ಟ ಲೆಕ್ಕ. ದೆಹಲಿಯ ತೀರ್ಪು ನಮ್ಮ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ ನಿಜ. ಆದರೆ ವಾದ ಮಾಡುವವರ ಕೈಗೆ ಒಳ್ಳೆಯ ಊರುಗೋಲು. ಈಗಲೇ ಒಂದು ಪತ್ರ ಬರೆಯಿರಿ. 'ಹಾಳೆಯಲ್ಲಿ ಏನಿದೆ ಅಂತ ನನಗೆ ಓದಿ ಹೇಳಲಿಲ್ಲ. ನನಗೆ ಲಿಖಿತ ನೋಟಿಸೂ ಬೇಕು, ವಿಚಾರಣೆಯೂ ಬೇಕು' ಅಂತ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಈಗಾಗಲೇ ಆದೇಶ ಕೈಗೆ ಬಂದಿದ್ದರೆ ಮಾತ್ರ ತಡ ಮಾಡಬೇಡಿ. ಮೇಲ್ಮನವಿಗೆ 60 ದಿನ ಇದೆ.

ಬಳೆ ನಿಮ್ಮದೇ, ಇಲ್ಲಿಂದಲೇ ಹೋದದ್ದು ಅಂತ ತೋರಿಸುವುದು ಹೇಗೆ? ಮದುವೆ ಆಲ್ಬಂ ಸಾಲದು, ಯಾಕೆಂದರೆ ಮುರಿಸಿದ್ದೀರಿ. ಅಂಗಡಿಯ ಬಿಲ್ ಹುಡುಕಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಒಡವೆಗೆ ಆರು ಅಕ್ಷರ-ಅಂಕಿಗಳ ಒಂದು ಗುರುತು ಇರಲೇಬೇಕು. ಬಳೆಯ ಒಳಮೈಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೊರೆದಿರುತ್ತಾರೆ. ಅದಕ್ಕೆ ಎಚ್‌ಯುಐಡಿ ಅನ್ನುತ್ತಾರೆ. 'ಬಿಐಎಸ್ ಕೇರ್' ಅನ್ನುವ ಆ್ಯಪ್‌ನಲ್ಲಿ ಆ ನಂಬರು ಹಾಕಿದರೆ ಒಡವೆ ಯಾವುದು, ಎಲ್ಲಿ ಹಾಲ್‌ಮಾರ್ಕ್ ಆಯಿತು ಅಂತ ಬರುತ್ತದೆ. ಮಸ್ಕತ್‌ನಲ್ಲಿ ಕೊಂಡ ಬಳೆಗೆ ನಮ್ಮ ದೇಶದ ಈ ಗುರುತು ಎಲ್ಲಿಂದ ಬರಬೇಕು, ಅಲ್ವಾ? ಹೋಗುವ ದಿನ ಮಗನೋ ಸೊಸೆಯೋ ಬಾಗಿಲಲ್ಲಿ ತೆಗೆದ ಫೋಟೋ ಇದ್ದೇ ಇರುತ್ತದೆ. ಕೈ ಕಾಣುವ ಫೋಟೋ ಬೇಕು, ತಾರೀಖಿನ ಸಮೇತ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. 'ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ' ಅಂತ ಎಲ್ಲರ ಬಾಯಲ್ಲಿದೆ. ಅದು ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬರುವವರು ಅಲ್ಲಿಂದ ತರುವ ಒಡವೆಯ ಲೆಕ್ಕ. ಇಲ್ಲಿಂದ ಹಾಕಿಕೊಂಡು ಹೋಗಿ ವಾಪಸ್ ಹಾಕಿಕೊಂಡು ಬರುವ ಒಡವೆಯ ಮಾತು ಬೇರೆ. ಮುಂದಿನ ಸಲ ಹೋಗುವಾಗ ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ಒಡವೆ ತೋರಿಸಿ 'ಎಕ್ಸ್‌ಪೋರ್ಟ್ ಸರ್ಟಿಫಿಕೇಟ್' ಬರೆಸಿಕೊಳ್ಳಿ. ಬ್ಯಾಗು ಒಳಗೆ ಹಾಕುವ ಮುಂಚೆಯೇ ಕೇಳಬೇಕು. ಒಂದು ಗಂಟೆ ಮುಂಚೆ ಹೋಗಿ, ಸಮಯ ಹಿಡಿಯುತ್ತದೆ.

ನಿಮ್ಮ ಪತ್ರ ಓದುವಾಗ ನನಗೆ ನಮ್ಮಮ್ಮ ನೆನಪಾದರು. ಮದ್ದೂರಿನ ಹತ್ತಿರದ ಹಳ್ಳಿಯವರು, ಮೂರನೇ ಕ್ಲಾಸಿನವರೆಗೆ ಓದಿದವರು. ಅಣ್ಣನ ಮನೆಯಿಂದ ಸಿಂಗಪುರದಿಂದ ಬರುವಾಗ ನಾನೂ ಜೊತೆಗಿದ್ದೆ. ಅಮ್ಮನ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುಣಾಕಾರದ ಗುರುತು. ಎಕ್ಸ್‌ರೇಯಲ್ಲಿ ಏನೋ ಕಂಡರೆ ಹಾಗೆ ಗುರುತು ಹಾಕುತ್ತಾರೆ. ಬಿಚ್ಚಿದರೆ ಹಿತ್ತಾಳೆಯ ದೀಪದ ಕಂಬ. ಪೂಜೆಗೆ ಅಂತ ಊರಿಂದಲೇ ಹೊತ್ತುಕೊಂಡು ಹೋಗಿದ್ದು. ಹುಡುಗ ಅಧಿಕಾರಿ ಏನೋ ಬರೆದು 'ಸೈನ್ ಮಾಡಿ' ಅಂದ. ಅಮ್ಮ ಕನ್ನಡಕ ಹಾಕಿಕೊಂಡು, ಹಾಳೆ ತಿರುಗಿಸಿ ನೋಡಿ, 'ಇದ್ರಲ್ಲಿ ಏನೈತೆ ಓದಿ ಹೇಳಪ್ಪ. ಆಮೇಲೆ ರುಜು ಹಾಕ್ತೀನಿ' ಅಂದರು. ಸೊಸೈಟಿಯ ಸಾಲದ ಕಾಗದಕ್ಕೂ ಅವರು ಹಾಗೇ ಮಾಡುತ್ತಿದ್ದದ್ದು. ಆ ಹುಡುಗ ಮುಖ ನೋಡಿದ. ಪಕ್ಕದ ಮೇಜಿನ ಕನ್ನಡದವರೊಬ್ಬರನ್ನು ಕರೆದ. ಅವರು ಒಂದೊಂದು ಸಾಲೂ ಓದಿ ಹೇಳಿದರು. ಹತ್ತು ನಿಮಿಷ ಹಿಡಿಯಿತು, ಅಷ್ಟೇ. ನಾನು ವಕೀಲೆ, ಅವರ ಪಕ್ಕದಲ್ಲೇ ನಿಂತಿದ್ದೆ. ನನಗೆ ಹೊಳೆಯುವ ಮುಂಚೆ ಅವರಿಗೆ ಹೊಳೆದಿತ್ತು.

ಹೇಳಿಕೆಯನ್ನು ನಿಮ್ಮ ಕೈಬರಹದಲ್ಲಿ, ಕನ್ನಡದಲ್ಲೇ ಬರೆದುಕೊಡುತ್ತೇನೆ ಅಂತ ಕೇಳಿ. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಸಹಿ ಹಾಕಲೇಬೇಕಾದ ಸಂದರ್ಭ ಬಂದರೆ ಸಹಿಯ ಮೇಲೆ ಒಂದು ಸಾಲು: 'ಈ ಕಾಗದ ಇಂಗ್ಲಿಷಿನಲ್ಲಿದೆ, ನನಗೆ ಓದಿ ಹೇಳಿಲ್ಲ.' ತಾರೀಖು, ಗಂಟೆ ಹಾಕಿ.

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿದ್ದೇನೆ. ರಜೆಗೆ ಬಂದಾಗ ಅಧಿಕಾರಿಯೊಬ್ಬರು ಯಾರ ಜೊತೆ ಇದ್ದೆ, ಯಾವ ಸಂಘದಲ್ಲಿದ್ದೀಯ ಅಂತೆಲ್ಲ ಕೇಳಿ, ಫೋನ್ ಲಾಕ್ ತೆಗಿ ಅಂದರು. ನಾನು ಸುಮ್ಮನಿರಬಹುದಿತ್ತೇ?
— ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಹೆಸರು, ಪಾಸ್‌ಪೋರ್ಟ್, ಎಲ್ಲಿಂದ ಬಂದೆ ಅನ್ನುವುದಕ್ಕೆ ಉತ್ತರ ಕೊಡಬೇಕಪ್ಪ. ಅದಕ್ಕೆ ಹಟ ಬೇಡ. ಉಳಿದದ್ದಕ್ಕೆ ಮರ್ಯಾದೆಯಿಂದಲೇ, 'ಸಾರ್, ಇದನ್ನು ಯಾವ ಕಾನೂನಿನಲ್ಲಿ ಕೇಳುತ್ತಿದ್ದೀರಿ? ನನ್ನ ಮೇಲೆ ಏನಾದರೂ ದೂರಿದೆಯಾ?' ಅಂತ ಕೇಳಬಹುದು. ಪೊಲೀಸರೋ ಬೇರೆ ಇಲಾಖೆಯೋ ನಿಮ್ಮ ಹೆಸರಿನಲ್ಲಿ ಲುಕ್‌ಔಟ್ ಸುತ್ತೋಲೆ ಹೊರಡಿಸಿದ್ದರೆ ತಡೆದು ನಿಲ್ಲಿಸುತ್ತಾರೆ. ಹಾಗಿದ್ದರೆ ಅದನ್ನು ತಿಳಿಸಿ ಅಂತ ಕೇಳಿ.

ಆದರೆ ಕಸ್ಟಮ್ಸ್‌ನವರ ಮುಂದೆ 'ಮೌನ ನನ್ನ ಹಕ್ಕು' ಅನ್ನುವ ಮಾತು ಅಷ್ಟು ಸಲೀಸಾಗಿ ನಡೆಯುವುದಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ ಸಂವಿಧಾನದ 20(3)ನೇ ವಿಧಿ ಆರೋಪಿಗೆ ಇರುವ ರಕ್ಷಣೆ. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 108ರಲ್ಲಿ ಸಮನ್ಸ್ ಕೊಟ್ಟು ವಿಚಾರಿಸುವಾಗ ನೀವಿನ್ನೂ ಆರೋಪಿ ಅಲ್ಲ, ನಿಜ ಹೇಳಲೇಬೇಕು ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಆ ವಿಚಾರಣೆಯಲ್ಲಿ ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ ಅಂತ 1992ರಲ್ಲಿ ಹೇಳಿತು. ನನಗೆ ಈ ತೀರ್ಪು ಇಷ್ಟವಿಲ್ಲ, ಆದರೂ ಇರುವುದನ್ನು ಹೇಳಬೇಕು. ಹೆದರಿಸಿ ಬರೆಸಿಕೊಂಡರೆ ಹೊರಗೆ ಬಂದ ಕೂಡಲೇ, ಅವತ್ತೋ ಮಾರನೇ ದಿನವೋ, 'ಆ ಹೇಳಿಕೆ ನನ್ನ ಇಷ್ಟದಿಂದ ಕೊಟ್ಟದ್ದಲ್ಲ' ಅಂತ ಬರೆದು ಕಳಿಸಿ. ಒಂದು ತಿಂಗಳು ಬಿಟ್ಟು ಬರೆದರೆ ಅದಕ್ಕೆ ಅಷ್ಟು ತೂಕ ಇರುವುದಿಲ್ಲ.

ಇನ್ನು ಫೋನ್. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2021ರಲ್ಲಿ ನಮ್ಮ ಹೈಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ತನಿಖೆಯವರು ಫೋನಿನ ಒಳಗೆ ಹುಡುಕಬೇಕಾದರೆ ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು ಅಂತ ಹೇಳಿತು. ಬಾಯಿಮಾತಿನಲ್ಲಿ 'ಲಾಕ್ ತೆಗಿ' ಅಂದರೆ ಸಾಲದು. ಆದರೆ ಅದೇ ತೀರ್ಪು, ಕ್ರಮಬದ್ಧವಾಗಿ ಆದೇಶ ತಂದಾಗ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ಸಾಕ್ಷಿ ಹೇಳಿದಂತಲ್ಲ ಅಂತಲೂ ಹೇಳಿದೆ. ಎರಡನ್ನೂ ನೆನಪಿಡಿ. ಫೋನ್ ತೆಗೆದುಕೊಂಡರೆ ಅದರ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದ ಮಹಜರ್ ನಕಲು ಇಲ್ಲದೆ ಅಲ್ಲಿಂದ ಕದಲಬೇಡಿ.

ಪ್ರಶ್ನೆ: ಹೆಂಗಸರನ್ನು ಗಂಡಸು ಅಧಿಕಾರಿ ಮೈ ತಪಾಸಣೆ ಮಾಡಬಹುದಾ? ಎಷ್ಟು ಹೊತ್ತು ಕೂರಿಸಬಹುದು?
— ಶ್ರೀರಂಗಪಟ್ಟಣ

ಉತ್ತರ: ಖಂಡಿತ ಮಾಡುವ ಹಾಗಿಲ್ಲ. ಹೆಂಗಸನ್ನು ಹೆಂಗಸೇ ತಪಾಸಣೆ ಮಾಡಬೇಕು. ಇದು ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 102. 'ನನ್ನನ್ನು ಗೆಜೆಟೆಡ್ ಅಧಿಕಾರಿಯ ಹತ್ತಿರವೋ ಮ್ಯಾಜಿಸ್ಟ್ರೇಟರ ಹತ್ತಿರವೋ ಕರೆದುಕೊಂಡು ಹೋಗಿ, ಆಮೇಲೆ ತಪಾಸಣೆ' ಅಂತ ಕೇಳುವ ಹಕ್ಕೂ ಅದರಲ್ಲೇ ಇದೆ. ಇಬ್ಬರು ಸಾಕ್ಷಿಗಳು ಇರಬೇಕು. ಕೂರಿಸಿದರೆ ನೇರವಾಗಿ ಕೇಳಿ: 'ನನ್ನನ್ನು ಬಂಧಿಸಿದ್ದೀರಾ, ಇಲ್ಲಾ ನಾನು ಹೋಗಬಹುದಾ?' ಬಂಧಿಸಿದ್ದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿ.

ಪ್ರಶ್ನೆ: ಅಕ್ಕ ಅಮೆರಿಕದ ಪ್ರಜೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಇರುವ ಪರವಾನಗಿ) ಇದೆ. ಅಮ್ಮನ ಮಂಡಿ ಆಪರೇಷನ್ ಆಗಿ ಏಳು ತಿಂಗಳಿಂದ ಮೈಸೂರಿನಲ್ಲೇ ಇದ್ದಾರೆ. ಮೂವರೂ ಒಟ್ಟಿಗೆ ಹೊರಟಿದ್ದಾರೆ. ಅಲ್ಲಿ ಇಳಿದಾಗ ತೊಂದರೆ ಕೊಡುತ್ತಾರಾ?
— ವಿಜಯನಗರ 2ನೇ ಹಂತ, ಮೈಸೂರು

ಉತ್ತರ: ಅಕ್ಕನಿಗೆ ಅಮೆರಿಕವೇ ಮನೆ. ಪಾಸ್‌ಪೋರ್ಟ್ ತೋರಿಸಿ ಪ್ರಜೆ ಅಂತ ಖಾತ್ರಿಯಾದ ಮೇಲೆ ಅವರನ್ನು ಒಳಗೆ ಬಿಡಲೇಬೇಕು. ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ ಅನ್ನಬಹುದು. ಆದರೆ ಕಾಯಿಸುತ್ತಾರೆ, ಪೆಟ್ಟಿಗೆ ಬಿಚ್ಚಿಸುತ್ತಾರೆ, ಫೋನ್ ಇಟ್ಟುಕೊಳ್ಳಲೂಬಹುದು. ಅಲ್ಲಿಯ ಇಲಾಖೆಯ 2018ರ ನಿಯಮದಲ್ಲಿ ಅದಕ್ಕೆ ಸಾಮಾನ್ಯವಾಗಿ 5 ದಿನ ಅಂತಿದೆ. ರಸೀದಿ ಪಡೆಯಲಿ. ಸುಳ್ಳು ಮಾತ್ರ ಹೇಳಬಾರದು, ಅಲ್ಲಿ ಅದೇ ಒಂದು ಅಪರಾಧ.

ನನಗೆ ಚಿಂತೆ ಅಪ್ಪ ಅಮ್ಮನದು. 180 ದಿನ ದಾಟಿ ಹೊರಗಿದ್ದವರನ್ನು ಜಾಸ್ತಿ ಕೇಳುತ್ತಾರೆ. 'ನೀವು ಇಲ್ಲಿ ಇರುವುದೇ ಇಲ್ಲವಲ್ಲ' ಅಂತ ಹೇಳಿ ಐ-407 ಅನ್ನುವ ಹಾಳೆ ಮುಂದಿಡಬಹುದು. ಅದು ಗ್ರೀನ್ ಕಾರ್ಡನ್ನು ನಾನೇ ಇಷ್ಟಪಟ್ಟು ಬಿಟ್ಟುಕೊಟ್ಟೆ ಅನ್ನುವ ಕಾಗದ. ಹದಿನೆಂಟು ಗಂಟೆ ಪ್ರಯಾಣ ಮಾಡಿ, ಮಂಡಿ ನೋವಿನಲ್ಲಿ ನಿಂತಿರುವ ಅಮ್ಮ, 'ಎಲ್ಲಿ ಬೇಕಾದರೂ ಹಾಕುತ್ತೇನೆ, ಸದ್ಯ ಕೂರಲು ಬಿಟ್ಟರೆ ಸಾಕು' ಅಂತ ಸಹಿ ಹಾಕಿಬಿಡುತ್ತಾರೆ. ಹಾಕಬಾರದು. ಆ ಸಹಿಗೆ ಯಾರೂ ಬಲವಂತ ಮಾಡುವ ಹಾಗಿಲ್ಲ. ಸಹಿ ಹಾಕದಿದ್ದರೆ ತೀರ್ಮಾನ ಮಾಡಬೇಕಾದದ್ದು ಮೇಜಿನ ಅಧಿಕಾರಿ ಅಲ್ಲ, ಇಮಿಗ್ರೇಷನ್ ನ್ಯಾಯಾಧೀಶರು.

ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಫಿಸಿಯೋಥೆರಪಿ ಚೀಟಿಗಳು, ಅಲ್ಲಿಯ ಮನೆ ವಿಳಾಸದ ಬ್ಯಾಂಕ್ ಕಾಗದ, ತೆರಿಗೆ ಕಾಗದ, ಎಲ್ಲ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಸಾಲಿನಲ್ಲಿ ಅಕ್ಕನನ್ನು ಬೇರೆ ಕಡೆ ಕಳಿಸಿಬಿಡಬಹುದು. ಆಗ ಇಬ್ಬರೇ ನಿಲ್ಲಬೇಕಾಗುತ್ತದೆ. ಅದಕ್ಕೇ ಹೊರಡುವ ಮುಂಚೆ ಈ ಎರಡು ಮಾತನ್ನು ದಿನಾ ಹೇಳಿಸಿ ಬಾಯಿಪಾಠ ಮಾಡಿಸಿ. ಒಂದು, 'ಕನ್ನಡ ಇಂಟರ್‌ಪ್ರಿಟರ್, ಪ್ಲೀಸ್.' ಇನ್ನೊಂದು, 'ಐ ವಾಂಟ್ ಟು ಸೀ ದ ಜಡ್ಜ್.'