ಒಂದು ಪೌಂಡ್ ಅಂಟಿಸಬೇಡಿ

ನೀವು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಮೂರು ತಿಂಗಳು. ಆಫೀಸಿನವರೊಬ್ಬರ ಮದುವೆ ಕಾರ್ಡಿನಲ್ಲಿ ‘ಸಾಮಾನು ಬೇಡ, ಹನಿಮೂನಿಗೆ ದುಡ್ಡು ಕೊಟ್ಟರೆ ಸಂತೋಷ’ ಅಂತ ಪದ್ಯವೇ ಇದೆಯಂತೆ. ಹೀಗೂ ಕೇಳುತ್ತಾರಾ ಅಂದಿದ್ದೀರಿ. ಜೊತೆಗೆ ಫೆಬ್ರವರಿಯಲ್ಲಿ ಬೆಂಗಳೂರಿನ ಜಯನಗರದಲ್ಲಿ ನಿಮ್ಮದೇ ಮದುವೆ. ಇಲ್ಲಿಂದ ಬರುವ ನಾಲ್ವರು ಏನು ಕೊಡಬೇಕು ಅಂತ ಕೇಳಿದರೆ ಏನು ಹೇಳುವುದು ಅನ್ನುವುದು ಇನ್ನೊಂದು ಪ್ರಶ್ನೆ. ನಾನು ಬಸವನಗುಡಿ ಬಿಟ್ಟು 19 ವರ್ಷ. ಎರಡೂ ಕಡೆ ಎಡವಿದ್ದೇನೆ, ಹೇಳುತ್ತೇನೆ ಕೇಳಿ.

ಅಂಥ ಪದ್ಯ ಓದಿ ಮೊದಲ ಸಲ ನನಗೂ ಕಸಿವಿಸಿ ಆಗಿತ್ತು. ಮದುವೆಯಲ್ಲಿ ದುಡ್ಡು ಕೇಳುವುದು ಅಂದರೆ ನಮ್ಮ ಕಿವಿಗೆ ವರದಕ್ಷಿಣೆ ಅಂತಲೇ ಬೀಳುತ್ತದೆ. ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೂಡ ಕೇಳದೆ ಕೊಟ್ಟ ಉಡುಗೊರೆಗೆ ಮಾತ್ರ ವಿನಾಯಿತಿ ಕೊಡುತ್ತದೆ, ಅದಕ್ಕೂ ಪಟ್ಟಿ ಬರೆದಿಡಬೇಕು. ಇಲ್ಲಿ ಕಥೆ ಬೇರೆ. ಎಷ್ಟೋ ಜೋಡಿಗಳು ಮದುವೆಗೆ ಮೊದಲೇ ಒಟ್ಟಿಗೆ ಸಂಸಾರ ಹೂಡಿರುತ್ತಾರೆ. ಕೆಟಲ್, ಟೋಸ್ಟರ್ ಎಲ್ಲಾ ಇರುತ್ತದೆ. ಹಿಂದೆ ಬೇಕಾದ ಸಾಮಾನಿನ ಪಟ್ಟಿಯನ್ನು ಅಂಗಡಿಯಲ್ಲಿ ಕೊಟ್ಟಿಡುತ್ತಿದ್ದರು, ಮದುವೆಗೆ ಬರುವವರು ಅದರಲ್ಲಿ ಒಂದನ್ನು ಕೊಳ್ಳುತ್ತಿದ್ದರು. ಈಗ ಆ ಪಟ್ಟಿಯ ಜಾಗಕ್ಕೆ ದುಡ್ಡು ಬಂದಿದೆ, ಅಷ್ಟೆ. ನೇರವಾಗಿ ಕೇಳಲು ಅವರಿಗೂ ಮುಜುಗರ, ಅದಕ್ಕೇ ಪ್ರಾಸ. ಅದನ್ನು ಕಂಡು ಮೂಗು ಮುರಿಯುವ ಇಂಗ್ಲಿಷರೂ ಇದ್ದಾರೆ.

ನಾನು ಆಫೀಸಿನವರಿಗೆ 30ರಿಂದ 50 ಪೌಂಡ್ ಕೊಡುತ್ತೇನೆ, ಆಪ್ತರಿಗೆ 100. ಬರೀ ಸಂಜೆಯ ಪಾರ್ಟಿಗೆ ಕರೆದಿದ್ದರೆ 20 ಸಾಕು. ಹೌದು, ಊಟಕ್ಕೆ ಬೇರೆ, ಸಂಜೆಗೆ ಬೇರೆ ಕರೆಯುವುದುಂಟು. ಕಾರ್ಡು ಸರಿಯಾಗಿ ಓದಿ. ಅದರಲ್ಲಿ ಹೆಸರಿಲ್ಲದವರನ್ನು ಕರೆದುಕೊಂಡು ಹೋಗಬೇಡಿ. ಶುಭಾಶಯದ ಕಾರ್ಡಿನೊಳಗೆ ನೋಟು ಇಟ್ಟು, ನಿಮ್ಮ ಹೆಸರು ಬರೆದು, ಅಲ್ಲಿ ಇಟ್ಟಿರುವ ಡಬ್ಬಿಗೆ ಹಾಕಿ. ನಮ್ಮ ಆರತಕ್ಷತೆಯ ಹಾಗೆ ವೇದಿಕೆ ಹತ್ತಿ ಕೈಗೆ ಕೊಡುವುದಿಲ್ಲ.

ಇಲ್ಲಿ ನಾನು ಹೋದ ಮೊದಲ ಮದುವೆಯಲ್ಲಿ 50 ಪೌಂಡ್ ಇಟ್ಟು, ಮೇಲೊಂದು ಪೌಂಡಿನ ನಾಣ್ಯವನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದೆ. ಅಮ್ಮ ಕಲಿಸಿದ್ದು ಹಾಗೆ ತಾನೇ? ತಿಂಗಳ ಮೇಲೆ ಮದುಮಗಳಿಂದ ಧನ್ಯವಾದದ ಕಾರ್ಡ್ ಬಂತು. ‘ಐವತ್ತರಲ್ಲಿ ಒಳ್ಳೆಯ ಊಟ ಮಾಡಿದೆವು. ಆ ಒಂದು ಪೌಂಡ್ ಸೂಪರ್‌ಮಾರ್ಕೆಟ್ ಟ್ರಾಲಿಗಾ?’ ಇಲ್ಲಿ ಟ್ರಾಲಿ ಬಿಡಿಸಿಕೊಳ್ಳಲು ಒಂದು ಪೌಂಡ್ ಹಾಕಬೇಕಲ್ಲ! ಸೊನ್ನೆಗೆ ಲೆಕ್ಕ ನಿಲ್ಲಬಾರದು, ಮುಂದುವರಿಯಲಿ ಅಂತ ಆ ಒಂದು, ಅಂತ ಅವಳಿಗೆ ತಿಳಿಸುವಷ್ಟರಲ್ಲಿ ಎರಡು ಪಿಂಟ್ ಬಿಯರ್ ಖಾಲಿಯಾಯಿತು.

ಆದರೆ ಆ ಕಾರ್ಡ್ ಬಂದ ಮೇಲೆ ನಮ್ಮಿಬ್ಬರ ಲೆಕ್ಕ ಮುಗಿದಿತ್ತು. ನಮ್ಮಮ್ಮನ ಮುಯ್ಯಿ ಪುಸ್ತಕದಲ್ಲಿ ಯಾರು 101 ಕೊಟ್ಟರು, ಯಾರು ಸ್ಟೀಲ್ ಡಬ್ಬಿ ಕೊಟ್ಟರು, ಎಲ್ಲಾ ಇನ್ನೂ ಇದೆ. ಅವರ ಮನೆ ಮದುವೆ ಬಂದರೆ ಪುಸ್ತಕ ಹೊರಗೆ ಬರುತ್ತದೆ. ನಾವು ಬಾಯಿಬಿಟ್ಟು ಕೇಳುವುದಿಲ್ಲ, ಮರೆಯುವುದೂ ಇಲ್ಲ. ಇಷ್ಟಾಗಿ ಆ ಪದ್ಯಕ್ಕೆ ನಗಲು ನನಗೆ ಈಗ ಧೈರ್ಯ ಸಾಲದು.

ಇನ್ನು ನಿಮ್ಮ ಮದುವೆ. ಕಾರ್ಡಿನಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಹಾಕಿಸಿದರೆ ಜಯನಗರದವರು ಓದಿಯೂ ಕವರ್ ತರುತ್ತಾರೆ. ಇಲ್ಲಿನವರು ಅದನ್ನು ಅಕ್ಷರಶಃ ನಂಬಿ ಬರಿಗೈಯಲ್ಲಿ ಬರುತ್ತಾರೆ, ಆಮೇಲೆ ಎಲ್ಲರ ಕೈಯಲ್ಲೂ ಕವರ್ ನೋಡಿ ಪೆಚ್ಚಾಗುತ್ತಾರೆ. ಆದ್ದರಿಂದ ಏನೂ ಬೇಡ ಅಂತ ಒಂದು ಸಲ ಹೇಳಿ. ಮತ್ತೆ ಕೇಳಿದರೆ, ರೂಪಾಯಿ ಅಂಟಿಸಿದ ಕವರು ಗಾಂಧಿಬಜಾರಿನಿಂದ ನೀವೇ ತಂದುಕೊಡಿ. ಮೊತ್ತ ಮಾತ್ರ ಹೇಳಬೇಡಿ. ಎದುರಿಗೆ ಬಿಚ್ಚಿ ನೋಡುವುದಿಲ್ಲ ಅಂತಲೂ ತಿಳಿಸಿ. ತಾಂಬೂಲದ ವಿಷಯವನ್ನೂ ಮೊದಲೇ ಹೇಳಿಬಿಡಿ. ನನ್ನ ತಂಗಿಯ ಮದುವೆಗೆ ಬಂದಿದ್ದ ಗೆಳೆಯ ತೆಂಗಿನಕಾಯಿಯನ್ನು ಯಾರಿಗೆ ವಾಪಸ್ ಕೊಡಬೇಕೋ ತಿಳಿಯದೆ, ಊಟ ಮುಗಿಯುವವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.