ಗೊಬ್ಬರದಲ್ಲಿ ಪಾದರಸವಿಲ್ಲ, ಗಂಧಕವಿದೆ

ರಸಗೊಬ್ಬರದಲ್ಲಿ ಪಾದರಸವೇ ಇಲ್ಲದಿರುವಾಗ ಹೊಲದಿಂದ ಹರಿದ ನೀರು ಮೀನಿಗೆ ಪಾದರಸ ಸೇರಿಸುವುದು ಹೇಗೆ ಎಂದು ಕೇಳಿದ್ದೀರಿ. ಪಾದರಸವನ್ನೇ ಹೊಲಕ್ಕೆ ತಂದ ಕಾಲವೂ ಇತ್ತು: ನಮ್ಮಲ್ಲಿ ಕಬ್ಬಿನ ಬಿತ್ತನೆ ತುಂಡುಗಳನ್ನು ಅದ್ದುತ್ತಿದ್ದ ಅಗಲ್ಲಾಲ್ ಪಾದರಸದ ಶಿಲೀಂಧ್ರನಾಶಕವೇ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಗಂಧಕದಲ್ಲಿದೆ. ಅದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿರುವ ಎವರ್‌ಗ್ಲೇಡ್ಸ್ ಜೌಗನ್ನು ನೋಡಬೇಕು.

ಒಕೀಚೋಬಿ ಸರೋವರದ ದಕ್ಷಿಣಕ್ಕೆ ಜೌಗನ್ನು ಬಸಿದು ಮಾಡಿದ ಕಬ್ಬಿನ ಹೊಲಗಳಿವೆ. ಮಣ್ಣಿನ ಕ್ಷಾರ ತಗ್ಗಿ ರಂಜಕ, ಮ್ಯಾಂಗನೀಸ್ ಬೇರಿಗೆ ಸಿಗಲೆಂದು ಅಲ್ಲಿ ಗಂಧಕ ಹಾಕುತ್ತಾರೆ. ಅದು ಸಲ್ಫೇಟ್ ಆಗಿ, ಬಸಿದ ಮಣ್ಣು ತಾನೇ ಬಿಟ್ಟುಕೊಡುವ ಸಲ್ಫೇಟಿನ ಜೊತೆ ಕಾಲುವೆ ಹಿಡಿದು ಜೌಗಿಗೆ ಇಳಿಯುತ್ತದೆ. ಪಾದರಸ ಬರುವುದು ಮೇಲಿನಿಂದ. ಕಲ್ಲಿದ್ದಲು, ಕಸ ಸುಟ್ಟ ಹೊಗೆಯಲ್ಲಿ ಗಾಳಿಗೇರಿದ್ದು ಮಳೆಯೊಂದಿಗೆ ಬೀಳುತ್ತದೆ. ಕೆಸರಿನ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಲ್ಫೇಟ್ ಬಳಸಿ ಬದುಕುತ್ತವೆ. ಸಲ್ಫೇಟ್ ಸಿಕ್ಕಷ್ಟೂ ಚುರುಕಾಗಿ ಅವು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಮೀನಿನ ಮಾಂಸದಲ್ಲಿ ನೆಲೆಯೂರುವುದು ಈ ರೂಪವೇ. ಬೇಯಿಸಿದರೂ ಹೋಗುವುದಿಲ್ಲ.

ಹಾಗಾದರೆ ಹೊಲದ ಪಕ್ಕದ ಕಾಲುವೆಯ ಬಾಯಲ್ಲೇ ವಿಷ ಹೆಚ್ಚಿರಬೇಕಲ್ಲವೇ? ಅದೇ ಇಲ್ಲಿನ ತಮಾಷೆ. ಸಲ್ಫೇಟ್ ತೀರಾ ಹೆಚ್ಚಿದಲ್ಲಿ ಬ್ಯಾಕ್ಟೀರಿಯಾ ಹೊರಹಾಕುವ ಸಲ್ಫೈಡ್ ಪಾದರಸವನ್ನು ಕಟ್ಟಿಹಾಕಿ, ಅವುಗಳಿಗೆ ಸಿಗದಂತೆ ಮಾಡುತ್ತದೆ. ಅಂಥ ಕಡೆ ಕೆಸರು ಕೆದಕಿದರೆ ಕೊಳೆತ ಮೊಟ್ಟೆಯ ನಾತ. ಮೀಥೈಲ್ ಪಾದರಸ ಹೆಚ್ಚುವುದು ಅಲ್ಲಿಂದ ದೂರ, ಸಲ್ಫೇಟ್ ಅತ್ತ ಹೆಚ್ಚೂ ಅಲ್ಲದ ಇತ್ತ ಕಡಿಮೆಯೂ ಅಲ್ಲದ, ನಾತವಿಲ್ಲದ ತಿಳಿನೀರಿನಲ್ಲಿ. ನೀರಿನ ಮಾದರಿ ಪರೀಕ್ಷಿಸುವುದೇ ನನ್ನ ಕೆಲಸ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಸಲ್ಫೇಟನ್ನು ಒಪ್ಪುತ್ತದೆ. ಇಂಥ ನೀರು ನನ್ನ ಮೇಜಿಗೆ ಬಂದರೆ ಸಲ್ಫೇಟಿನ ಸಾಲಿನಲ್ಲಿ ‘ಮಿತಿಯೊಳಗಿದೆ’ ಎಂದೇ ಬರೆಯುತ್ತೇನೆ. ಎವರ್‌ಗ್ಲೇಡ್ಸ್ ಪುನಶ್ಚೇತನ ಯೋಜನೆಯ ಗುರಿಯಾದರೋ ಲೀಟರಿಗೆ 1 ಮಿಲಿಗ್ರಾಂ!

ಅಲ್ಲಿ ರಂಜಕ ಹೀರಲೆಂದು ಕಟ್ಟಿದ ಕೃತಕ ಜೌಗುಗಳು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ, ಸಲ್ಫೇಟನ್ನು ಮಾತ್ರ ಬಹುಪಾಲು ಹಾಗೆಯೇ ದಾಟಿಸಿಬಿಡುತ್ತವೆ. ಆದ್ದರಿಂದ ಹೊಲದಲ್ಲೇ ಗಂಧಕ ಕಡಿಮೆ ಮಾಡಬೇಕೆಂಬ ಪಕ್ಷ ನನ್ನದು. ಅದರಲ್ಲೂ ಒಂದು ತೊಡಕಿದೆ: ಸಲ್ಫೇಟನ್ನು ಅರೆಬರೆ ಇಳಿಸಿದರೆ ಈಗ ನಾತ ಹೊಡೆಯುವ ಜಾಗವೇ ಆ ನಡುವಿನ ಪ್ರಮಾಣಕ್ಕೆ ಬಂದು, ಅಲ್ಲಿನ ಮೀನಿನಲ್ಲಿ ಪಾದರಸ ಮೊದಲಿಗಿಂತ ಏರಬಹುದು.