ಆ 10.6 ಎಲ್ಲಿ ಹೋಯ್ತು?

ಪ್ರಶ್ನೆ: ಮೇಡಂ, ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ವಿಜ್ಞಾನದಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಮಕ್ಕಳು ಯೋಚಿಸಲಿ ಎಂದು ಈ ವರ್ಷ ವಾರಕ್ಕೊಂದು ಪುಟ ಡೈರಿ ಬರೆಸುತ್ತಿದ್ದೇನೆ. 48 ಜನರಲ್ಲಿ 40 ಜನ ‘ವಿಜ್ಞಾನಿಗೆ ಪ್ರಾಮಾಣಿಕತೆ ಮುಖ್ಯ’ ಅಂತಲೇ ಬರೆದು ಕೊಡುತ್ತಾರೆ. ಕೆಲವರದ್ದಂತೂ ಮೊಬೈಲ್ ನೋಡಿ ಇಳಿಸಿದ್ದು. ಇದಕ್ಕೆ ಮಾರ್ಕ್ಸ್ ಹೇಗೆ ಕೊಡಲಿ? ಮುಂದುವರಿಸಲೋ, ಬಿಡಲೋ?
– ಒಬ್ಬ ಉಪನ್ಯಾಸಕಿ, ಸಾಗರ

ಉತ್ತರ: ಬಿಡಬೇಡಿ. ಪ್ರಶ್ನೆ ಬದಲಾಯಿಸಿ ನೋಡಿ. ಪ್ರಾಮಾಣಿಕತೆ ಬಗ್ಗೆ ಬರೆಯಿರಿ ಅಂದರೆ ಯಾರಾದರೂ ಭಾಷಣವನ್ನೇ ಬರೆಯುತ್ತಾರೆ, ಅಲ್ವಾ? ನಾನಾದರೂ ಅದನ್ನೇ ಬರೆಯುತ್ತಿದ್ದೆ.

ತೀರ್ಥಹಳ್ಳಿ ಕಡೆ ಪಾಠ ಮಾಡುತ್ತಿದ್ದಾಗ ಮೊದಲ ವರ್ಷ ನನಗೂ ಇದೇ ಗತಿಯಾಗಿತ್ತು. ಎರಡನೇ ವರ್ಷ ಒಂದು ದಿನ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ಬದಲಾಗಲು ಎಷ್ಟು ಮಿಲಿಲೀಟರ್ ಬೇಕಾಯಿತು ಅಂತ ಅಳೆಯುವ ಪ್ರಯೋಗ) ಮುಗಿದ ಮೇಲೆ ಲ್ಯಾಬಿನಲ್ಲೇ ಹತ್ತು ನಿಮಿಷ ಕೊಟ್ಟೆ. ‘ಇವತ್ತು ರೆಕಾರ್ಡಿಗೆ ಹಾಕದೆ ಬಿಟ್ಟ ರೀಡಿಂಗ್ ಯಾವುದು? ಯಾಕೆ ಬಿಟ್ಟಿರಿ?’ ಇಷ್ಟೇ ಕೇಳಿದ್ದು. ಒಬ್ಬಳು ಬರೆದಿದ್ದಳು: ‘ಮೊದಲು 10.2 ಬಂತು. ಆಮೇಲೆ 10.6. ಬಣ್ಣ ಜಾಸ್ತಿ ಗುಲಾಬಿ ಆಗಿಬಿಟ್ಟಿತ್ತು. ಮೂರನೆಯದು ಮಾಡಲು ಹೊತ್ತಿರಲಿಲ್ಲ, ಬಸ್ಸು ನಾಲ್ಕೂವರೆಗೆ. ಮೂರಕ್ಕೂ 10.2 ಹಾಕಿದೆ. ರೀಡಿಂಗ್ ಹೊಂದದಿದ್ದರೆ ಮೇಡಂ ಮಾರ್ಕ್ಸ್ ಕಳೆಯುತ್ತಾರೆ.’

ಆ ಮೇಡಂ ನಾನೇ. ಮೂರೂ ರೀಡಿಂಗ್ ಒಂದೇ ಇದ್ದ ರೆಕಾರ್ಡುಗಳಿಗೆ ವರ್ಷಗಟ್ಟಲೆ ‘ಚೆನ್ನಾಗಿದೆ’ ಅಂತ ಕೆಂಪು ಶಾಯಿಯಲ್ಲಿ ಬರೆದವಳು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುವಾರದಿಂದ ನಿಯಮ ಬದಲಾಯಿಸಿದೆ: ಕೆಟ್ಟ ರೀಡಿಂಗೂ ರೆಕಾರ್ಡಿನಲ್ಲಿ ಇರಬೇಕು, ಪಕ್ಕದಲ್ಲಿ ಕಾರಣ ಇರಬೇಕು, ಅದಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ. ಆಮೇಲೆ ಬಂದ ಕಾರಣಗಳನ್ನು ನೋಡಬೇಕಿತ್ತು! ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ, ಅಂದರೆ ಬ್ಯೂರೆಟ್ಟಿನ ತುದಿಯಲ್ಲಿದ್ದ ಗಾಳಿಗುಳ್ಳೆ ಮಧ್ಯದಲ್ಲಿ ಹೊರಬಿದ್ದರೆ ರೀಡಿಂಗ್ ಜಾಸ್ತಿ ಬರುತ್ತದೆ ಅಂತ ನಾನು ಎಷ್ಟು ಸಲ ಹೇಳಿದರೂ ನಾಟದ್ದು, ಅವರು ತಾವೇ ಬರೆದಾಗ ನಾಟಿತು.

ದೊಡ್ಡ ಕಥೆಗಳನ್ನು ಹೇಳುವಾಗಲೂ ಹೀಗೇ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಸೇವೆಯವರು ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ ಕಪ್ಪು ಜನಾಂಗದ ಗಂಡಸರಿಗೆ ಕಾಯಿಲೆ ಏನೆಂದು ಹೇಳಲಿಲ್ಲ. ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಹೇಗೆ ಬೆಳೆಯುತ್ತದೆ ಅಂತ ಸುಮ್ನೆ ನೋಡುತ್ತಾ ಕೂತರು. ಇದನ್ನು ಹೇಳಿದ ದಿನ ಡೈರಿಗಳಲ್ಲಿ ಬಂದದ್ದು ‘ತುಂಬಾ ಅನ್ಯಾಯ’ ಅನ್ನುವ ಒಂದೇ ಸಾಲು. ಮುಂದಿನ ವಾರ ಮಂಗನ ಕಾಯಿಲೆಯ ಮಾತು ತೆಗೆದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಕಾಯಿಲೆ, ಉಣುಗು ಕಚ್ಚಿ ಬರುವಂಥದ್ದು, ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ‘ನಿಮ್ಮ ಮನೆಯಲ್ಲಿ ಯಾರದ್ದಾದರೂ ರಕ್ತ ಪರೀಕ್ಷೆಗೆ ಒಯ್ದಿದ್ದರಾ? ಏನು ಹೇಳಿ ಒಯ್ದರು?’ ಅಂತ ಕೇಳಿದೆ. ಒಬ್ಬ ಹುಡುಗ ಎರಡು ಪುಟ ಬರೆದ. ಜ್ವರ ಬಂದಾಗ ಅಜ್ಜಿಯ ರಕ್ತ ತೆಗೆದುಕೊಂಡು ಹೋದರಂತೆ. ಜ್ವರ ಇಳಿಯಿತು. ರಿಪೋರ್ಟ್ ಏನು ಬಂತು ಅಂತ ಯಾರೂ ಹೇಳಲಿಲ್ಲ. ‘ನನ್ನ ರಕ್ತ ಏನಾಯ್ತೋ ಮಾರಾಯ’ ಅಂತ ಅಜ್ಜಿ ಈಗಲೂ ಕೇಳುತ್ತಾರಂತೆ. ಅವನ ಒಪ್ಪಿಗೆ ಕೇಳಿ ತರಗತಿಯಲ್ಲಿ ಓದಿಸಿದೆ. ಟಸ್ಕೀಗಿಯ ಬಗ್ಗೆ ಮಕ್ಕಳು ಪ್ರಶ್ನೆ ಕೇಳಿದ್ದು ಅವತ್ತು.

ಮಾರ್ಕ್ಸ್ ವಿಷಯ. ಅಭಿಪ್ರಾಯಕ್ಕೆ ಮಾರ್ಕ್ಸ್ ಕೊಡಲೇಬೇಡಿ. ಕೊಟ್ಟರೆ ನಿಮಗೆ ಇಷ್ಟವಾಗುವುದನ್ನೇ ಬರೆಯುತ್ತಾರೆ. ವಾರ ತಪ್ಪದೆ ಬರೆದಿದ್ದಾರಾ, ನಡೆದ ಒಂದು ಸಂಗತಿ ಇದೆಯಾ, ಅಷ್ಟು ನೋಡಿ. ನೀವು ಅಂಚಿನಲ್ಲಿ ಒಂದು ಪ್ರಶ್ನೆ ಬರೆದರೆ ಸಾಕು, ಉಪದೇಶ ಬೇಡ. ಎಲ್ಲರದ್ದನ್ನೂ ಪ್ರತಿ ವಾರ ಓದಲು ಹೋಗಬೇಡಿ, ಬೆನ್ನು ಮುರಿಯುತ್ತದೆ. ವಾರಕ್ಕೆ 12 ಪುಸ್ತಕ ಓದಿ, ತಿಂಗಳಿಗೊಮ್ಮೆ ಎಲ್ಲರ ಸರದಿ ಬರುತ್ತದೆ. ಯಾರಿಗೂ ತೋರಿಸಬಾರದು ಅಂತ ಮಕ್ಕಳು ಮಡಚಿಟ್ಟ ಪುಟ ಓದುವುದಿಲ್ಲ ಅಂತ ಮೊದಲೇ ಮಾತು ಕೊಡಿ, ಕೊಟ್ಟ ಮೇಲೆ ನಿಜವಾಗಿಯೂ ಓದಬೇಡಿ. (ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಗಿತ್ತು.)

ಇನ್ನೊಂದು, ಪುಸ್ತಕ 40 ಪುಟದ್ದೇ ಇರಲಿ, ಬಾಲ್ ಪೆನ್ನಿನಲ್ಲೇ ಬರೆಸಿ. ಒಂದು ಜುಲೈನಲ್ಲಿ ಶಾಯಿ ಪೆನ್ನಿನ ಒಂಬತ್ತು ಡೈರಿ ಬ್ಯಾಗಿನಲ್ಲೇ ನೆನೆದು ನೀಲಿ ಮುದ್ದೆಯಾಗಿದ್ದವು. ಅದರಲ್ಲಿ ನಾಲ್ಕು, ಬರೆಯದೇ ನೆನೆಸಿದ್ದು ಅಂತ ನನಗೆ ಈಗಲೂ ಅನುಮಾನ.